ಕಾರಿಗೆ ಕೀಲೆಣ್ಣೆ

ಸದ್ದು ಮೊದಲು ಕೇಳಿಸಿದ್ದು ನನಗಲ್ಲ, ನನ್ನ ಹೆಂಡತಿಗೆ. ಹುಣಸೂರಿನ ನಮ್ಮ ಬೀದಿಯಿಂದ ದೊಡ್ಡ ರಸ್ತೆಗೆ ಹತ್ತಬೇಕಾದರೆ ಸ್ಟೀರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಬೇಕು. ತಿರುಗಿಸಿದೆ. "ರೀ, ಕೆಳಗೆ ಯಾರೋ ಕೂತು ಅಡಿಕೆ ಕತ್ತರಿಸಿದ ಹಾಗೆ ಕೇಳ್ತಾ ಇದೆ" ಎಂದಳು. "ನಿನ್ನ ಬಳೆ ಸದ್ದು, ಸುಮ್ನಿರು" ಎಂದೆ. ಅವಳು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮುಂದಿನ ತಿರುವಿನಲ್ಲಿ ಮತ್ತೆ ಅದೇ ಸದ್ದು. ಕಟ ಕಟ ಕಟ. ಅವಳು ಏನೂ ಹೇಳಲಿಲ್ಲ, ಕಿಟಕಿಯಾಚೆ ನೋಡಿದಳು. ಏನೂ ಹೇಳದೆ ಗೆಲ್ಲುವುದು ಅವಳಿಗೆ ಚೆನ್ನಾಗಿ ಗೊತ್ತು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಅಷ್ಟು ವರ್ಷ ಕೈಯಲ್ಲಿ ಸೀಮೆಸುಣ್ಣ ಹಿಡಿದವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಯಾವ ವಿಷಯವನ್ನೂ ಬೇರೆಯವರ ಬಾಯಿಂದ ಮೊದಲು ಕೇಳಲು ಆಗುವುದಿಲ್ಲ. ಜತೆಗೆ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಈ ಎರಡೂ ಸೇರಿ ಒಬ್ಬನ ಅನ್ನ ಕಿತ್ತುಕೊಂಡ ಕತೆ ಇದು. ಕಿತ್ತುಕೊಂಡವನು ನಾನೇ ಆದ್ದರಿಂದ ನಾನೇ ಬರೆಯಬೇಕು.

ಕೋಪ ಬರಲು ಕಾರಣವಿತ್ತು, ಅಥವಾ ಇದೆ ಎಂದುಕೊಂಡಿದ್ದೆ. ಇದೇ ಸದ್ದು ಆಷಾಢದಲ್ಲೂ ಬಂದಿತ್ತು. ಆಗ ಕಾರನ್ನು ಊರಾಚೆ ಇರುವ ನನ್ನ ಹಳೆಯ ವಿದ್ಯಾರ್ಥಿಯ ಗ್ಯಾರೇಜಿಗೆ ಒಯ್ದಿದ್ದೆ. ಗ್ಯಾರೇಜು ಎಂದರೆ ತಗಡಿನ ಶೆಡ್ಡು, ಒಂದು ಗುಂಡಿ, ಗೋಡೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು. ಅವನಿಗೆ ಆಗಲೇ ನಲವತ್ತು ದಾಟಿತ್ತು. ತರಗತಿಯಲ್ಲಿ ಎಲ್ಲಿ ಕೂರುತ್ತಿದ್ದ, ಎಷ್ಟು ಅಂಕ ತೆಗೆದ, ಒಂದೂ ನನಗೆ ನೆನಪಿಲ್ಲ. ಆದರೆ ನನ್ನ ಕಾರು ಬಂದು ನಿಂತರೆ ಸಾಕು, ಯಾವ ಗಾಡಿಯ ಅಡಿಯಲ್ಲಿದ್ದರೂ ಹೊರಗೆ ಜಾರಿ ಬಂದು, ಎದ್ದು, ಗ್ರೀಸು ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಕಟ್ಟಿ "ಬನ್ನಿ ಸಾ" ಎನ್ನುತ್ತಿದ್ದ. ಆ "ಸಾ" ನನಗೆ ಇಷ್ಟವಾಗುತ್ತಿತ್ತು.

ಆಷಾಢದಲ್ಲಿ ಅವನು ಮಾಡಿದ ಕೆಲಸ ಇಷ್ಟು. ಎಂಜಿನ್ನಿನಿಂದ ಮುಂದಿನ ಚಕ್ರಕ್ಕೆ ಒಂದು ಸರಳು ಬರುತ್ತದೆ, ಅದನ್ನು ಆಕ್ಸಲ್ ಎನ್ನುತ್ತಾರೆ. ಚಕ್ರ ಹೊರಳಿದಾಗ ಅದೂ ಬಾಗಬೇಕಲ್ಲ, ಅದಕ್ಕಾಗಿ ತುದಿಯಲ್ಲಿ ಉಕ್ಕಿನ ಗೋಲಿಗಳಿರುವ ಒಂದು ಜಾಯಿಂಟು. ಗೋಲಿಗಳ ಸುತ್ತ ಗ್ರೀಸು. ಗ್ರೀಸು ಹೊರಗೆ ಹೋಗದಂತೆ, ಮಣ್ಣು ಒಳಗೆ ಬಾರದಂತೆ ಮೇಲೊಂದು ರಬ್ಬರಿನ ಮುಸುಕು. ಅದಕ್ಕೆ ಬೂಟು ಎಂದು ಹೆಸರು. ಎಡಗಡೆ ಚಕ್ರದ ಜಾಯಿಂಟು ಸವೆದಿದೆ ಎಂದು ಅವನು ಹೊಸ ಜಾಯಿಂಟು, ಹೊಸ ಬೂಟು ಎರಡನ್ನೂ ಹಾಕಿದ. ಸಾಮಾನಿನ ಡಬ್ಬ ತಂದು "ಒಂದ್ಸಲಿ ನೋಡ್ಬುಡಿ ಸಾ" ಎಂದು ಮುಂದೆ ಹಿಡಿದ. ನಾನು ನೋಡಲಿಲ್ಲ. "ನೀನು ಹಾಕಿದ ಮೇಲೆ ನೋಡೋದೇನಯ್ಯಾ" ಎಂದೆ. ನೋಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಈಗ ಕಾರ್ತಿಕದಲ್ಲಿ ಸದ್ದು ತಿರುಗಿ ಬಂದಿತ್ತು. ನೇರ ಹೋದರೆ ಇಲ್ಲ, ಎಡಕ್ಕೆ ತಿರುಗಿಸಿದರೆ ಇಲ್ಲ, ಬಲಕ್ಕೆ ಪೂರ್ತಿ ತಿರುಗಿಸಿ ಸ್ವಲ್ಪ ವೇಗ ಕೊಟ್ಟರೆ ಕಟ ಕಟ. ಹೆಂಡತಿಯನ್ನು ಮನೆಗೆ ಬಿಟ್ಟು ಅವನ ಶೆಡ್ಡಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಮಸೆದುಕೊಂಡೇ ಹೋಗಿದ್ದೆ. ಅಲ್ಲಿ ಟ್ಯಾಕ್ಸಿ ಸ್ಟ್ಯಾಂಡಿನ ಇಬ್ಬರು ಡ್ರೈವರುಗಳು ತಮ್ಮ ಗಾಡಿ ಬಿಟ್ಟು ಕಾಯುತ್ತಾ ನಿಂತಿದ್ದರು. ಅವನು ಎಂದಿನಂತೆ ಎದ್ದ, ಕೈ ಕಟ್ಟಿದ, ಸದ್ದಿನ ವಿಷಯ ಕೇಳಿದ ಕೂಡಲೇ ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಗೆ ಜಾರಿದ. ಬಹಳ ಹೊತ್ತಾದ ಮೇಲೆ ಹೊರಗೆ ಬಂದು ಬೆರಳನ್ನು ಮೂಗಿನ ಹತ್ತಿರ ಒಯ್ದು ನನ್ನನ್ನು ನೋಡಿದ.

"ಸಾ, ಸರ್ವೀಸ್ನೋರ್ ಕೈಲಿ ಕೆಳುಗ್ ಏನಾರ ಹೊಡ್ಸಿದ್ರಾ?"

ಕೇಳಿದ್ದು ಮೆತ್ತಗೇ. ಆದರೆ ಇಬ್ಬರು ಹೊರಗಿನವರ ಎದುರಿಗೆ ವಿದ್ಯಾರ್ಥಿ ಮೇಷ್ಟ್ರನ್ನು ಪ್ರಶ್ನೆ ಕೇಳಿದ ಹಾಗಾಯಿತು. ನನಗೆ ಕಿವಿ ಬಿಸಿಯಾಯಿತು.

"ಏನಯ್ಯಾ, ನೀನು ಹಾಕಿದ ಸಾಮಾನು ನಾಲ್ಕು ತಿಂಗಳು ಬಾಳಿಕೆ ಬರಲಿಲ್ಲ. ನನ್ನನ್ನೇ ಪ್ರಶ್ನೆ ಕೇಳ್ತೀಯಾ?"

"ಅಂಗಲ್ಲ ಸಾ, ರಬ್ಬರು ಉಬ್ಕಂಡದೆ..."

"ಒರಿಜಿನಲ್ ಹಾಕಿದ್ದಿದ್ರೆ ಯಾಕಯ್ಯಾ ಉಬ್ಬುತ್ತೆ? ಡೂಪ್ಲಿಕೇಟ್ ಹಾಕಿದ್ದೀಯ ಅಂತ ಹೇಳು, ಮುಗೀತು."

"ಇಲ್ಲ ಕಣ್ ಸಾ, ನಮ್ಮಪ್ಪನಾಣೆ..."

ಬಾಗಿಲು ಎಳೆದು ಹಾಕಿಕೊಂಡೆ. ಕಾರು ಹಿಂದಕ್ಕೆ ತೆಗೆದು ಬಲಕ್ಕೆ ತಿರುಗಿಸುವಾಗ ಮತ್ತೆ ಕಟ ಕಟ ಎಂದಿತು. ಆ ಸದ್ದು ನನ್ನ ಪರ ಸಾಕ್ಷಿ ಹೇಳಿದ ಹಾಗೆ ಅನಿಸಿ ಒಳಗೊಳಗೇ ಖುಷಿಯಾಯಿತು. ಕನ್ನಡಿಯಲ್ಲಿ ನೋಡಿದರೆ ಅವನು ಇನ್ನೂ ಕೈ ಒರೆಸಿಕೊಳ್ಳುತ್ತಾ ನಿಂತೇ ಇದ್ದ.

ಅವನ ಪ್ರಶ್ನೆಗೆ ಉತ್ತರ ನನ್ನ ಬಳಿಯೇ ಇತ್ತು. ಆದರೆ ಅದೇ ಉತ್ತರ ಎಂದು ನನಗೆ ಹೊಳೆಯಲಿಲ್ಲ. ನಾನು ಯಾರ ಕೈಲೂ ಏನನ್ನೂ ಹೊಡೆಸಿರಲಿಲ್ಲ. ನನ್ನ ಕೈಯಾರೆ ಬಳಿದಿದ್ದೆ.

ನಮ್ಮದು ರಾವಂದೂರಿನ ಕಡೆ. ನಮ್ಮಪ್ಪನಿಗೆ ಎತ್ತಿನ ಗಾಡಿಯಿತ್ತು. ಆಯುಧಪೂಜೆಯ ಹಿಂದಿನ ದಿನ ಅಪ್ಪ ಗಾಡಿಯ ಚಕ್ರ ಕಳಚಿ, ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡಿ ಅಚ್ಚಿಗೆ ಬಳಿಯುತ್ತಿದ್ದ. "ಎಣ್ಣೆ ಕಾಣದ ಗಾಡಿ ಮನೆ ಸೇರಲ್ಲ ಕಣ್ಲಾ" ಎನ್ನುವುದು ಅವನ ಮಾತು. ಗಾಡಿ ಹೋಯಿತು, ಎತ್ತು ಹೋಯಿತು, ಟ್ರ್ಯಾಕ್ಟರು ಬಂತು, ನನಗೆ ಕಾರು ಬಂತು. ಕೀಲೆಣ್ಣೆ ಮಾತ್ರ ಹೋಗಲಿಲ್ಲ. ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ದಿನ ಟ್ರ್ಯಾಕ್ಟರಿನ ಹಳೆಯ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ ಒಂದು ಡಬ್ಬ ಮಾಡಿಕೊಳ್ಳುತ್ತೇನೆ. ಕಾರನ್ನು ವಾಟರ್ ಸರ್ವೀಸಿನವನ ಗುಂಡಿಯ ಮೇಲೆ ನಿಲ್ಲಿಸಿ, ತೆಂಗಿನ ನಾರಿನ ಕುಂಚದಲ್ಲಿ ಅಡಿಭಾಗಕ್ಕೆಲ್ಲ ಬಳಿಯುತ್ತೇನೆ. ಸರ್ವೀಸಿನವರೂ ಕೇಳಿದವರಿಗೆಲ್ಲ ಗಾಳಿ ಪಂಪಿನಲ್ಲಿ ಡೀಸೆಲ್ ಹೊಡೆದುಕೊಡುತ್ತಾರೆ, ಆದರೆ ನನಗೆ ಅವರ ಕೆಲಸ ಸರಿಬರುವುದಿಲ್ಲ. ನಾನು ಸಂದುಗೊಂದುಗಳಿಗೆಲ್ಲ ಕೈ ಹಾಕಿ ಬಳಿಯುವವನು. ರಬ್ಬರು ಒಣಗಿ ಬಿರುಕು ಬಿಡಬಾರದು ಎಂದು ಅದಕ್ಕೆ ಎರಡು ಕೈ ಹೆಚ್ಚು. ಆಮೇಲೆ ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಬೂದುಗುಂಬಳಕಾಯಿ, ಮಂಗಳಾರತಿ. ಅಡಿಯೆಲ್ಲ ಕರ್ರಗೆ ಮಿರಮಿರ ಮಿಂಚುವುದನ್ನು ಬಗ್ಗಿ ನೋಡಿ ಅಪ್ಪನನ್ನು ನೆನೆಯುತ್ತಿದ್ದೆ. ಇದು ಪೂಜೆ. ಇದನ್ನು ಮೆಕ್ಯಾನಿಕ್ಕಿಗೆ ಹೇಳಬೇಕು ಎಂದು ಯಾರಿಗೆ ತೋಚುತ್ತದೆ? ಊಟಕ್ಕೆ ಮೊದಲು ಕೈ ತೊಳೆದೆ ಎಂದು ಡಾಕ್ಟರಿಗೆ ಹೇಳುತ್ತೇವೆಯೇ?

ಶೆಡ್ಡಿನಿಂದ ಸೀದಾ ಟ್ಯಾಕ್ಸಿ ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಗೆ ಹೋದೆ. ದಿನಾ ಬೆಳಗ್ಗೆ ಅಲ್ಲಿ ಪೇಪರು ಓದುವುದು ನನ್ನ ರೂಢಿ. ಅಂಗಡಿಯವನು ಲೋಟ ಕೊಟ್ಟು "ಏನ್ ಮೇಷ್ಟ್ರೇ, ಮೊಕ ಕೆಂಪಾಗದೆ?" ಎಂದ. ಅಷ್ಟೇ ಸಾಕಾಗಿತ್ತು. ಅಲ್ಲಿದ್ದ ಆರೇಳು ಜನರಿಗೂ ಕೇಳುವ ಹಾಗೆ, ಪಾಠ ಮಾಡುವ ಗಂಟಲಿನಲ್ಲಿ ಹೇಳಿದೆ. "ಡೂಪ್ಲಿಕೇಟ್ ಮಾಲು ಹಾಕಿ ಒರಿಜಿನಲ್ ಅಂತಾನೆ. ಅಕ್ಷರ ಕಲಿಸಿದ ಮೇಷ್ಟ್ರಿಗೇ ಹಿಂಗೆ ಮಾಡಿದ ಮೇಲೆ ನಿಮ್ಮನ್ನು ಬಿಡ್ತಾನಾ?"

ಎಷ್ಟು ಚೆನ್ನಾಗಿ ಹೇಳಿದೆ ನೋಡಿ! ನನ್ನ ಬಾಯಿಂದ ಬಂದ ಮಾತುಗಳಲ್ಲಿ ಇಷ್ಟು ಬೇಗ ಊರು ಸುತ್ತಿದ ಮಾತು ಬೇರೊಂದಿಲ್ಲ. ವಾರದೊಳಗೆ ಬಸ್ ನಿಲ್ದಾಣದಲ್ಲಿ ಒಬ್ಬ ಅದನ್ನು ನನಗೇ ಹೇಳಿದ. "ಮೇಷ್ಟ್ರಿಗೇ ಮೋಸ ಮಾಡುದ್ನಂತೆ ಕಣ್ರೀ." ಯಾವ ಮೇಷ್ಟ್ರು ಎಂದು ಅವನಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಸ್ಟ್ಯಾಂಡಿನ ಎಂಟು ಟ್ಯಾಕ್ಸಿಗಳು ಮೊದಲು ಅವನ ಶೆಡ್ಡಿಗೇ ಹೋಗುತ್ತಿದ್ದವು, ಈಗ ಒಂದೊಂದಾಗಿ ಬೇರೆ ಕಡೆ ತಿರುಗಿಕೊಂಡವು. ಹೆಂಡತಿಗೆ ವಿಷಯ ಗೊತ್ತಾದಾಗ "ನಿಮ್ಮನ್ನ ಕಂಡ್ರೆ ಎದ್ದು ನಿಲ್ಲೋ ಮನುಷ್ಯನ್ನ ಊರ ಬಾಯಿಗೆ ಹಾಕಿದ್ರಲ್ಲ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ಮಕ್ಕಳಿಗೆ ಬರೆಸ್ತಿದ್ರಲ್ಲ, ನೀವು ಬರ್ಕೊಳ್ಳಲಿಲ್ವಾ?" ಎಂದಳು. ನಿನಗೆ ಕಾರಿನ ವಿಷಯ ಏನು ಗೊತ್ತು ಎಂದು ಅವಳ ಬಾಯಿ ಮುಚ್ಚಿಸಿದೆ.

ಸದ್ದು ಮಾತ್ರ ನನ್ನ ಮಾತಿಗೆ ಮರ್ಯಾದೆ ಕೊಡದೆ ಹೆಚ್ಚುತ್ತಾ ಹೋಯಿತು.

ಮಿರ್ಲೆಯಲ್ಲಿ ನೆಂಟರ ಮನೆಯ ನಿಶ್ಚಿತಾರ್ಥಕ್ಕೆ ಹೋದಾಗ ಭಾವಮೈದ ಕೆ.ಆರ್. ನಗರದ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಕರೆದೊಯ್ದ. ಅವನು ಬಾನೆಟ್ಟು ಎತ್ತುವ ಮೊದಲೇ ನಾನು ಹೇಳಿಬಿಟ್ಟೆ, ಹುಣಸೂರಿನಲ್ಲಿ ಒಬ್ಬ ಡೂಪ್ಲಿಕೇಟ್ ಸಾಮಾನು ಹಾಕಿ ಹೀಗೆ ಮಾಡಿದ್ದಾನೆ, ಬಲಕ್ಕೆ ತಿರುಗಿಸಿದರೆ ಸದ್ದು ಬರುತ್ತದೆ ಎಂದು. "ಬಲಕ್ಕಾ? ಅಂಗಾರೆ ಬಲಗಡೆ ಟೈ ರಾಡೇ" ಎಂದು ಅವನು ಬಲಚಕ್ರವನ್ನು ಸ್ಟೀರಿಂಗಿಗೆ ಕಟ್ಟುವ ಸರಳಿನ ತುದಿ ಬದಲಾಯಿಸಿದ. ಸದ್ದು ಹೋಗಲಿಲ್ಲ. ಪಿರಿಯಾಪಟ್ಟಣದವನು ಕೆಳಗಿನ ರಬ್ಬರ್ ಬುಶ್ಶುಗಳೆಲ್ಲ ಮೆತ್ತಗಾಗಿವೆ ಎಂದು ಅವನ್ನು ಬದಲಾಯಿಸಿದ. ಅವೂ ಯಾಕೆ ಮೆತ್ತಗಾದವು ಎಂದು ಅವನೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಹೆಗ್ಗಡದೇವನಕೋಟೆಯಲ್ಲಿ ನನ್ನ ಜತೆ ಕೆಲಸ ಮಾಡಿದ್ದ ಮೇಷ್ಟ್ರೊಬ್ಬರು ಪರಿಚಯಿಸಿದವನು ಸ್ಟೀರಿಂಗ್ ಬಾಕ್ಸನ್ನೇ ಇಳಿಸಿ, ಬಿಗಿ ಮಾಡಿ, ಮತ್ತೆ ಏರಿಸಿದ. ಸ್ಟೀರಿಂಗು ಕಲ್ಲಿನ ಹಾಗೆ ಬಿಗಿಯಾಯಿತು, ಸದ್ದು ಹಾಗೇ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಎಂದರೆ ಇದೇ.

ಈಗ ಯೋಚಿಸಿದರೆ ಆ ಮೂವರ ತಪ್ಪೂ ದೊಡ್ಡದಲ್ಲ. ರೋಗ ಇದು, ಮಾಡಿದವನು ಅವನು ಎಂದು ನಾನೇ ತೀರ್ಪು ಬರೆದುಕೊಂಡು ಹೋಗುತ್ತಿದ್ದೆ. ಮೇಷ್ಟ್ರು ಹೇಳುತ್ತಿದ್ದಾರೆ, ನಾವು ಯಾಕೆ ಅಲ್ಲ ಅನ್ನಬೇಕು ಎಂದು ಅವರು ತಲೆ ಆಡಿಸಿದರು. "ಹೌದು ಸಾರ್, ಈಗ ಎಲ್ಲಾ ಕಡೆ ಡೂಪ್ಲಿಕೇಟೇ" ಎಂದರು. ನನಗೆ ಸದ್ದು ಹೋಗದಿದ್ದರೂ ಆ ಮಾತು ಕೇಳಿ ಸಮಾಧಾನವಾಗುತ್ತಿತ್ತು. ಹೀಗೆ ಒಬ್ಬ ಮನುಷ್ಯನ ಹೆಸರನ್ನು ನಾಲ್ಕು ತಾಲೂಕಿನಲ್ಲಿ ಹರಾಜು ಹಾಕಿದೆ.

ಮಾಘದ ಕೊನೆಯಲ್ಲಿ ಪಿರಿಯಾಪಟ್ಟಣದಾಚೆಯ ಕೊಪ್ಪಕ್ಕೆ ಹೋಗಿದ್ದು ಜೋಳದ ಬಿತ್ತನೆ ಬೀಜ ವಿಚಾರಿಸಲು. ಸಂತೆಯ ಜನದ ನಡುವೆ ಕಾರು ತಿರುಗಿಸುವಾಗ ಸದ್ದು ಎಷ್ಟು ಜೋರಾಗಿ ಬಂತೆಂದರೆ ಬಾಳೆಗೊನೆ ಹೊತ್ತವನೊಬ್ಬ ಬೆಚ್ಚಿ ಪಕ್ಕಕ್ಕೆ ಹಾರಿದ. ಎದುರಿಗೇ ಒಂದು ಸಣ್ಣ ವರ್ಕ್‌ಶಾಪು. ಕೇರಳದಿಂದ ಬಂದು ನೆಲೆಸಿದ, ನನ್ನಷ್ಟೇ ವಯಸ್ಸಿನ ಮೆಕ್ಯಾನಿಕ್ಕು ಮುಂಡು ಎತ್ತಿ ಕಟ್ಟಿಕೊಂಡು ಹೊರಗೆ ಬಂದ. ನಾನು ಅಭ್ಯಾಸದಂತೆ "ಹುಣಸೂರಿನಲ್ಲಿ ಒಬ್ಬ..." ಎಂದು ಶುರು ಮಾಡಿದೆ. ಅವನು ಕೈ ಅಡ್ಡ ಮಾಡಿದ.

"ಸಾರೇ, ನೀವು ಹೇಳೋದು ಬೇಡ. ವಂಡಿ ಹೇಳಲಿ."

ವಂಡಿ ಎಂದರೆ ಅವರ ಭಾಷೆಯಲ್ಲಿ ಗಾಡಿ. ಇಷ್ಟು ವರ್ಷದಲ್ಲಿ ನನ್ನ ಬಾಯಿಯನ್ನು ಹಾಗೆ ಮುಚ್ಚಿಸಿದವರು ಇಲ್ಲ. ಪಕ್ಕದ ಬಯಲಿಗೆ ಕಾರು ಇಳಿಸಲು ಹೇಳಿದ. ಸ್ಟೀರಿಂಗು ಬಲಕ್ಕೆ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತು ಹೊಡೆಯಿರಿ ಎಂದ. ಕಾರು ಸುತ್ತುತ್ತಿದ್ದರೆ ಅವನು ಮುಂದಿನ ಚಕ್ರದ ಪಕ್ಕದಲ್ಲೇ ಬಗ್ಗಿ ಹೆಜ್ಜೆ ಹಾಕುತ್ತಾ ಬಂದ, ಮೊದಲು ಬಲಗಡೆ, ಆಮೇಲೆ ಎಡಗಡೆ. ಎರಡು ಸುತ್ತಿಗೆ ಸಾಕು ಎಂದ.

"ಎಡಗಡೆ ಆಕ್ಸಲ್."

"ಇಲ್ಲಪ್ಪ, ಸದ್ದು ಬರೋದು ಬಲಕ್ಕೆ ತಿರುಗಿಸಿದಾಗ."

"ಬಲಕ್ಕೆ ತಿರುಗಿದ್ರೆ ಭಾರ ಎಡಕ್ಕೆ ಅಲ್ಲವಾ ಸಾರೇ ಬೀಳೋದು?"

ಬಸ್ಸು ಬಲಕ್ಕೆ ತಿರುಗಿದಾಗ ನೀವು ಯಾವ ಕಡೆ ವಾಲುತ್ತೀರಿ ಎಂದು ಮೂವತ್ತೊಂದು ವರ್ಷ ಮಕ್ಕಳನ್ನು ಕೇಳಿದವನು ನಾನು. ತಪ್ಪು ಹೇಳಿದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ನನ್ನ ಸ್ವಂತ ಕಾರಿನ ವಿಷಯಕ್ಕೆ ಆ ಪಾಠ ತಲೆಗೆ ಬರಲಿಲ್ಲ.

ಅವನು ಜಾಕು ಏರಿಸಿ ಚಕ್ರ ಬಿಚ್ಚಿದ. ಬಗ್ಗಿ ನೋಡಿ ಎಂದ. ರಬ್ಬರಿನ ಬೂಟು ನೆನೆಹಾಕಿದ ಕಡಲೆಯ ಹಾಗೆ ಉಬ್ಬಿ, ಮಡಿಕೆಯಲ್ಲಿ ಉದ್ದಕ್ಕೆ ಸೀಳಿತ್ತು. ಒಳಗಿನ ಗ್ರೀಸೆಲ್ಲ ಎರಚಿ ಹೋಗಿತ್ತು. ಅದರ ಜಾಗದಲ್ಲಿ ಮಣ್ಣು, ಮರಳು. ಅವನು ರಬ್ಬರನ್ನು ಹಿಚುಕಿ ಬೆರಳು ಮೂಸಿದ. ಹುಣಸೂರಿನವನು ಮೂಸಿದ ಹಾಗೆಯೇ.

"ಇದಕ್ಕೆ ಡೀಸೆಲ್ ಕುಡಿಸಿದ್ದು ಯಾರು ಸಾರೇ?"

ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.

"ಎಣ್ಣೆ ಮುಟ್ಟಿದ್ರೆ ರಬ್ಬರ್ ತೀರ್ತು. ಇಲ್ಲಿ ಎಲ್ಲರೂ ಹಬ್ಬಕ್ಕೆ ಹೊಡೀತಾರೆ, ಆಮೇಲೆ ನಮ್ಮ ಹತ್ರ ಬರ್ತಾರೆ" ಎಂದು ಜಾಯಿಂಟನ್ನು ಕಳಚಿ ಸೀಮೆಎಣ್ಣೆಯಲ್ಲಿ ತೊಳೆದ. ತೊಳೆದ ಮೇಲೆ ಉಕ್ಕಿನ ಮೇಲೆ ಕಂಪನಿಯ ಗುರುತು ಕಾಣಿಸಿತು. ಅದನ್ನು ನನ್ನ ಕಣ್ಣ ಮುಂದೆ ಹಿಡಿದ. "ಸಾಮಾನು ಒರಿಜಿನಲ್. ಹಾಕಿದವನೂ ಒಳ್ಳೆ ಪಣಿಕ್ಕಾರ, ಒಳ್ಳೆ ಕೆಲಸಗಾರ. ಕ್ಲಿಪ್ಪು ಕೂರಿಸಿದ್ದು ನೋಡಿ, ಎಷ್ಟು ನೀಟು. ಪಾಪ, ಅವನ ತಪ್ಪಿಲ್ಲ."

ಪಾಪ ಎಂದ. ಕಂಡು ಕೇಳರಿಯದ ಮನುಷ್ಯ ಕೆಲಸ ನೋಡಿಯೇ ಅವನ ಮೇಲೆ ಕನಿಕರ ಪಟ್ಟ. ನನ್ನ ಕಾಲು ಕಂಡರೆ ಎದ್ದು ನಿಲ್ಲುವವನ ಮೇಲೆ ನನಗೆ ಅಷ್ಟೂ ಹುಟ್ಟಿರಲಿಲ್ಲ.

ಸಂಜೆಯ ಹೊತ್ತಿಗೆ ಹೊಸ ಜಾಯಿಂಟು, ಹೊಸ ಬೂಟು ಬಿದ್ದವು. ಹಳೆಯ ಬೂಟನ್ನು ಅವನು ಪೇಪರಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟ. ಹಿಂದಿರುಗುವಾಗ ಪಿರಿಯಾಪಟ್ಟಣದಲ್ಲಿ ಬೇಕೆಂದೇ ಒಂದು ಬೀದಿಗೆ ಬಲಕ್ಕೆ ತಿರುಗಿಸಿದೆ. ಸದ್ದಿಲ್ಲ. ಇನ್ನೊಂದು ಬೀದಿಗೆ ತಿರುಗಿಸಿದೆ. ಇಲ್ಲ. ನಿಜ ಹೇಳುತ್ತೇನೆ, ಒಂದು ಸಲವಾದರೂ ಕಟ ಎನ್ನಲಿ ಎಂದು ಬಯಸಿದೆ. ಎಂದಿದ್ದರೆ ಕೊಪ್ಪದವನೂ ತಪ್ಪು, ನನ್ನದೇ ಸರಿ ಎಂದು ಇನ್ನಷ್ಟು ದಿನ ತಳ್ಳಬಹುದಿತ್ತು.

ಮಾರನೆಯ ದಿನವೇ ಶೆಡ್ಡಿಗೆ ಹೋದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಹೋಗಲಿಲ್ಲ. ಎಂಟು ದಿನ ಹೋಗಲಿಲ್ಲ. ಅವನು ಎಲ್ಲಿ ಎದುರಾಗುತ್ತಾನೋ ಎಂದು ಟೀ ಅಂಗಡಿಗೆ ಬೇರೆ ದಾರಿಯಲ್ಲಿ ನಡೆದೇ ಹೋಗಿಬರುತ್ತಿದ್ದೆ. ಥೂ, ಆ ಎಂಟು ದಿನ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಒಂಬತ್ತನೆಯ ದಿನ ಹೆಂಡತಿ ಡಿಕ್ಕಿ ಗುಡಿಸುವಾಗ ಪೇಪರಿನ ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡಿದಳು. ಮೂಗಿಗೆ ಹಿಡಿದಳು.

"ಇದು ನಿಮ್ಮ ಹಬ್ಬದ ಡಬ್ಬದ ವಾಸನೆ ಅಲ್ವಾ?" ಎಂದಳು.

ಕಾರಿನ ವಿಷಯ ನಿನಗೇನು ಗೊತ್ತು ಎಂದು ಯಾರಿಗೆ ಹೇಳಿದ್ದೆನೋ ಅವಳು ಒಂದೇ ಉಸಿರಿಗೆ ಕಂಡುಹಿಡಿದಳು. ಎಲ್ಲ ಹೇಳಿದೆ. ಅವಳು ಬೈಯಲಿಲ್ಲ. "ಎದ್ದು ಹೋಗಿ ಹೇಳಿ ಬನ್ನಿ. ನೀವು ಹೋಗಲ್ಲ ಅಂದ್ರೆ ನಾನು ಹೋಗ್ತೀನಿ" ಎಂದಳು.

ಶೆಡ್ಡಿನಲ್ಲಿ ಒಂದು ಪವರ್ ಟಿಲ್ಲರು ಬಿಟ್ಟರೆ ಬೇರೆ ಗಾಡಿಯಿರಲಿಲ್ಲ. ಮೊದಲಾದರೆ ರಸ್ತೆಯವರೆಗೂ ಗಾಡಿಗಳು ನಿಂತಿರುತ್ತಿದ್ದವು. ಅವನು ಸ್ಟೂಲಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ಅದೊಂದನ್ನು ಅವನು ಮಾಡದಿದ್ದರೆ ನನಗೆ ಮಾತು ಸುಲಭವಾಗುತ್ತಿತ್ತು. ಪೊಟ್ಟಣ ಬಿಚ್ಚಿ ಬೂಟನ್ನು ಅವನ ಕೈಗೆ ಕೊಟ್ಟೆ.

"ನನ್ನದೇ ತಪ್ಪಯ್ಯಾ. ಆಯುಧಪೂಜೆಗೆ ನಾನೇ ಎಣ್ಣೆ ಬಳಿದಿದ್ದೆ. ನೀನು ಹಾಕಿದ್ದು ಒರಿಜಿನಲ್ಲೇ."

ಅವನು ಅದನ್ನು ಮೂಸಿ ಕೂಡ ನೋಡಲಿಲ್ಲ.

"ಗೊತ್ತು ಸಾ. ಅವತ್ತೇ ಗೊತ್ತಾಯ್ತು."

"ಮತ್ತೆ ಯಾಕಯ್ಯಾ ಹೇಳಲಿಲ್ಲ?"

"ಹೇಳಕ್ಕೆ ಬುಟ್ರಾ ಸಾ ನೀವು?"

ಕೋಪದಿಂದ ಹೇಳಿದ್ದಲ್ಲ. ನಿಜವಾಗಿ ಕೇಳಿದ. ಬೂಟನ್ನು ಮತ್ತೆ ಪೇಪರಿನಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟ.

"ಘರ್ಷಣೆ ಪಾಠ ಮಾಡುವಾಗ ನೀವು ಮನೆಯಿಂದ ಕೀಲೆಣ್ಣೆ ತಂದಿದ್ರಿ ಸಾ, ಬಿದಿರಿನ ಗೊಟ್ಟದಲ್ಲಿ. ನನ್ ಕೈಲೇ ಬಳ್ಸುದ್ರಿ, ಬಾಗಿಲ ತಿರುಗಣಿಗೆ. ಬಾಗಿಲು ಕಿರುಗುಟ್ಟೋದು ನಿಂತೋಯ್ತು. ಅವತ್ತೇ ನಂಗೆ ಈ ಕೆಲ್ಸದ ಮೇಲೆ ಮನ್ಸು ಬಂದಿದ್ದು. ಆದ್ರೆ ಎಲ್ಲಿ ಎಣ್ಣೆ ಹಾಕ್ಬಾರ್ದು ಅನ್ನೋದ್ನ ಇಲ್ಲಿಗ್ ಬಂದು ಕಲ್ತೆ" ಎಂದು ಸಣ್ಣಗೆ ನಕ್ಕ.

ನನಗೆ ಅವನ ಮುಖ ಆ ತರಗತಿಯಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಬಾಗಿಲು ನೆನಪಾಯಿತು, ಗೊಟ್ಟ ನೆನಪಾಯಿತು, ಅವನು ನೆನಪಾಗಲಿಲ್ಲ. ನಾಚಿಕೆಯಾಗಿ "ಈಗ ನಾನು ಏನು ಮಾಡಬೇಕು ಹೇಳು" ಎಂದೆ.

"ಬಾಡ್ಗೆ ಬಾಕಿ ಅದೆ ಅಂತ ಶೆಡ್ಡಿನ ಓನರು ಯುಗಾದಿಗೆ ಖಾಲಿ ಮಾಡು ಅಂದವ್ರೆ ಸಾ. ಬೇರೆಯವ್ರಿಗೆ ಮಾತಾಡವ್ರೆ. ಸ್ಟ್ಯಾಂಡಿನ ಗಾಡಿಗಳು ತಿರ್ಗಾ ಬಂದ್ರೆ ಓನರ್ ಕೈಕಾಲು ಹಿಡ್ದು ಇಲ್ಲೇ ನಿಂತ್ಕತೀನಿ. ನನ್ ಹತ್ರ ತಪ್ಪಾಯ್ತು ಅಂದ್ರೆ ನಂಗೇನ್ ಬಂತು? ಎಲ್ಲಿ ಹೇಳುದ್ರೋ ಅಲ್ಲೇ ಹೇಳಿ ಸಾ. ಅಷ್ಟ್ ಮಾಡಿ."

ಕೇಳಿದ್ದು ಎಷ್ಟು ಸಣ್ಣದು. ಆಗಲಿ ಎಂದೆ. ಯುಗಾದಿಗೆ ಇನ್ನೂ ಇಪ್ಪತ್ತು ದಿನವಿತ್ತು. ನನ್ನ ಒಂದು ಮಾತಿಗೆ ಹೋದ ಗಾಡಿಗಳು ನನ್ನ ಇನ್ನೊಂದು ಮಾತಿಗೆ ಬರುತ್ತವೆ ಎಂದುಕೊಂಡಿದ್ದೆ. ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು.

ಮರುದಿನ ಬೆಳಗ್ಗೆ ಟೀ ಅಂಗಡಿಯಲ್ಲಿ ಜನ ತುಂಬಿರುವ ಹೊತ್ತು ನೋಡಿ ಹೋದೆ. ಸ್ಟ್ಯಾಂಡಿನ ಡ್ರೈವರುಗಳೂ ಇದ್ದರು. ಎದ್ದು ನಿಂತು, ಪಾಠ ಮಾಡುವ ಗಂಟಲಿನಲ್ಲೇ ಎಲ್ಲ ಹೇಳಿದೆ. ಎಣ್ಣೆ ಬಳಿದಿದ್ದು ನಾನು, ರಬ್ಬರು ಕೆಟ್ಟಿದ್ದು ನನ್ನಿಂದ, ಅವನು ಹಾಕಿದ್ದು ಒರಿಜಿನಲ್, ಅವನ ಮೇಲೆ ನಾನು ಹೇಳಿದ್ದೆಲ್ಲ ಸುಳ್ಳು. ಬೂಟನ್ನೂ ತೋರಿಸಿದೆ. ಅದು ಕೈಯಿಂದ ಕೈಗೆ ಹೋಯಿತು. ಆಮೇಲೆ ಅವರಲ್ಲಿ ಹಿರಿಯ ಡ್ರೈವರು ಬೂಟನ್ನು ಮೇಜಿನ ಮೇಲಿಟ್ಟು ಕೈ ಮುಗಿದ.

"ಗುರುಗಳು ಅಂದ್ರೆ ಇಂಗಿರ್ಬೇಕು ನೋಡ್ರಲಾ. ಶಿಷ್ಯ ಮೋಸ ಮಾಡುದ್ರೂವೆ ಬುಟ್ಕೊಡಲ್ಲ."

"ಬಿಟ್ಟುಕೊಡದೆ ಇರೋದಲ್ಲಪ್ಪಾ, ಅವನು ಮೋಸವೇ ಮಾಡಿಲ್ಲ!"

"ಆಯ್ತು ಬುಡಿ ಮೇಷ್ಟ್ರೇ, ನಮ್ಗ್ ಅರ್ಥ ಆಯ್ತದೆ. ಅವುನ್ ಹೊಟ್ಟೆ ಮ್ಯಾಲ್ ಹೊಡೀಬಾರ್ದು ಅಂತ ನಿಮ್ಮ ಮೇಲೆ ಹಾಕ್ಕತಾ ಇದೀರಿ. ನಿಮ್ ದೊಡ್ಡತನ."

"ದೊಡ್ಡತನ ಅಲ್ಲ ಕಣಯ್ಯಾ, ನಿಜ!"

ಕೂಗಿದೆ. ನಾನು ಕೂಗಿದಷ್ಟೂ ಅವರ ಕಣ್ಣಲ್ಲಿ ನಾನು ಎತ್ತರವಾಗುತ್ತಾ ಹೋದೆ. ಯಾರೋ "ಎಂಥಾ ಕರುಣೆ" ಎಂದರು. ಇನ್ನೊಬ್ಬ "ಆಯುಧಪೂಜೆಗೆ ನಾವೂ ಡೀಸೆಲ್ ಹೊಡೀತೀವಿ, ನಮ್ ಅಪ್ಪಂದಿರ ಕಾಲ್ದಿಂದ. ಅದ್ರಿಂದ ಗಾಡಿ ಕೆಟ್ಟದಾ? ಮೇಷ್ಟ್ರು ನೆಪ ಹುಡುಕವ್ರೆ" ಎಂದ. ಎಲ್ಲರೂ ತಲೆಯಾಡಿಸಿದರು. ಹಬ್ಬದ ಎಣ್ಣೆ ತಪ್ಪು ಎಂದು ಒಪ್ಪಿದರೆ ಅವರೆಲ್ಲರ ಅಪ್ಪಂದಿರೂ ತಪ್ಪಾಗುತ್ತಿದ್ದರು. ನಮ್ಮಪ್ಪನನ್ನು ತಪ್ಪು ಎನ್ನಲು ನನಗೇ ಎಂಟು ದಿನ ಹಿಡಿದಿತ್ತಲ್ಲ. ನನ್ನ ಸುಳ್ಳಿಗೆ ಯಾರೂ ಸಾಕ್ಷಿ ಕೇಳಿರಲಿಲ್ಲ. ನಿಜಕ್ಕೆ ಸಾಕ್ಷಿಯನ್ನು ಮೇಜಿನ ಮೇಲೆ ಇಟ್ಟರೂ ಬೇಡವಾಯಿತು.

ಮತ್ತೆ ಹೋದೆ. ಒಬ್ಬೊಬ್ಬ ಡ್ರೈವರನ್ನೂ ಪಕ್ಕಕ್ಕೆ ಕರೆದು ಹೇಳಿದೆ. ನನ್ನ ಕಾರನ್ನು ಅವನ ಶೆಡ್ಡಿನ ಮುಂದೆ ಎರಡು ದಿನ ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದೆ. "ಪಾಪ, ಮೇಷ್ಟ್ರು ತಿರ್ಗಾ ಅಲ್ಲೇ ಹೋಗಿ ಮೋಸ ಹೋಯ್ತಾವ್ರೆ" ಎಂದು ಮಾತಾಡಿಕೊಂಡರಂತೆ. ಶೆಡ್ಡಿನ ಓನರಿನ ಮನೆಗೂ ಹೋದೆ. ಅವರು ಕಾಫಿ ಕೊಟ್ಟು ನನ್ನ ಒಳ್ಳೆಯ ಮನಸ್ಸನ್ನು ಹೊಗಳಿ ಕಳಿಸಿದರು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ಗಾದೆ ಮಾಡಿದವರಿಗೂ, ಊರು ಮೂಗು ಕೊಯ್ದವನ ಕಾಲಿಗೇ ಬೀಳುತ್ತದೆ ಎಂದು ಗೊತ್ತಿರಲಿಲ್ಲ.

ಯುಗಾದಿಗೆ ಎರಡು ದಿನ ಮುಂಚೆ ಬೆಳಗ್ಗೆ ಶೆಡ್ಡಿನ ಕಡೆ ಹೋದೆ. ಅವನೂ ಅವನ ಹೆಂಡತಿಯೂ ಸಾಮಾನುಗಳನ್ನು ಗೂಡ್ಸ್ ಆಟೋಗೆ ತುಂಬುತ್ತಿದ್ದರು. ಗೋಡೆಯ ಮೇಲೆ ಸ್ಪ್ಯಾನರುಗಳಿದ್ದ ಜಾಗದಲ್ಲಿ ಅವುಗಳ ಆಕಾರದ ಕಲೆಗಳು ಮಾತ್ರ ಉಳಿದಿದ್ದವು. ಹೆಗ್ಗಡದೇವನಕೋಟೆಯಲ್ಲಿ ಟ್ರ್ಯಾಕ್ಟರ್ ರಿಪೇರಿಯವರ ಹತ್ತಿರ ಕೂಲಿಗೆ ಸೇರುತ್ತಿದ್ದೇನೆ ಎಂದ. ಅವನ ಹೆಂಡತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳೊಬ್ಬಳಾದರೂ ಹಾಗೆ ಮಾಡಿದ್ದು ನನಗೆ ಸರಿ ಎನಿಸಿತು. "ಹೇಳಿದೆನಯ್ಯಾ, ಎಲ್ಲ ಕಡೆ ಹೇಳಿದೆ. ಯಾರೂ ನಂಬಲಿಲ್ಲ" ಎಂದೆ.

"ಕೇಳುಸ್ಕೊಂಡೆ ಸಾ" ಎಂದ. "ನಿಮ್ ಹೆಸ್ರು ದೊಡ್ಡುದು."

ಆಟೋ ಹೊರಟಿತು. ನಾನು ಅಲ್ಲಿಂದ ಸೀದಾ ಟೀ ಅಂಗಡಿಗೆ ಹೋಗಿ ಕೂತೆ. ಟೀ ಕುಡಿದು ಎದ್ದು ಚಿಲ್ಲರೆ ತೆಗೆದು ಮೇಜಿನ ಮೇಲೆ ಇಟ್ಟೆ. ಅಂಗಡಿಯವನು ಅದನ್ನು ಎತ್ತಿ, ನನ್ನ ಕೈ ಹಿಡಿದು, ಅಂಗೈಯಲ್ಲಿ ವಾಪಸ್ಸು ಇಟ್ಟು ಬೆರಳು ಮಡಿಸಿದ.

"ಬ್ಯಾಡಿ ಮೇಷ್ಟ್ರೇ" ಎಂದ. "ನಿಮ್ಮಂತೋರ ಹತ್ರ ಈಸ್ಕಂಡ್ರೆ ನಂಗೆ ಒಳ್ಳೇದಾಯ್ತದಾ?"